ಎಚ್ಚರಿಕೆಯನ್ನೇ ಪರೀಕ್ಷಿಸುವ ಎಚ್ಚರ

ದಾವಣಗೆರೆಯ ಕೃಷಿ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ರಾಶಿಗೆ ಬೆಲೆ ಕಟ್ಟುವ ಮುನ್ನ ತೇವಾಂಶ ನೋಡುವುದು ರೂಢಿ. ಮಾರುವವನ ಮಾತೊಂದನ್ನೇ ನಂಬಿ ಹಣ ಎಣಿಸುವ ವರ್ತಕನಿಲ್ಲ. ಆದರೆ ಅದೇ ಊರಿನ ಅಥವಾ ನೆರೆಯ ಹರಿಹರದ ಸುಶಿಕ್ಷಿತ ಮನೆಯೊಂದರಲ್ಲಿ, ‘ನಿಮ್ಮ ಕಂಪ್ಯೂಟರಿನೊಳಗೆ ಗೂಢಚಾರಿ ತಂತ್ರಾಂಶ ಸೇರಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಕೆಂಪು ಫಲಕ ಪರದೆಯ ಮೇಲೆ ಮೂಡಿದಾಗ ಈ ವಿವೇಕ ಉಳಿಯುವುದೇ?

ಭಯದ ಈ ವ್ಯಾಪಾರ ಹೊಸದಲ್ಲ. ‘ವಿನ್‌ಫಿಕ್ಸರ್’ ಮುಂತಾದ ಹೆಸರುಗಳಲ್ಲಿ ಹುಸಿ ತಪಾಸಣೆ ತೋರಿಸಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ವಂಚಿಸಿದ ಜಾಲದ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ನ್ಯಾಯಾಲಯದ ಮೊರೆ ಹೋಯಿತು, 2012ರಲ್ಲಿ 16.3 ಕೋಟಿ ಡಾಲರ್ ಪಾವತಿಯ ತೀರ್ಪು ಬಂತು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ–2’ರಡಿ ದೇಶದ 76 ಸ್ಥಳಗಳಲ್ಲಿ ಶೋಧ ನಡೆಸಿದಾಗ, ತಾಂತ್ರಿಕ ನೆರವಿನ ಸೋಗಿನ ವಂಚಕರು ನಮ್ಮ ನಡುವೆಯೂ ಇದ್ದಾರೆಂಬುದು ಬಯಲಾಯಿತು.

ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲೇ ವಿವರಿಸಿದ್ದರು. ಇಲ್ಲಿಯಂತೂ ರೋಗ ಹೇಳುವವನೂ ಮದ್ದು ಮಾರುವವನೂ ಒಬ್ಬನೇ. ಆದ್ದರಿಂದ ಪರೀಕ್ಷೆಯ ಮೊದಲ ಸೂತ್ರ: ಎಚ್ಚರಿಕೆ ತೋರಿಸಿದ ದಾರಿಯಲ್ಲಿ ನಡೆಯದೆ, ನಮ್ಮದೇ ದಾರಿಯಲ್ಲಿ ಹೋಗಿ ವಿಚಾರಿಸುವುದು.

ಮೈಕ್ರೊಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಸಂಖ್ಯೆಯಿದ್ದರೆ ಅದು ಹುಸಿ ಎಂದೇ ತಿಳಿಯಬೇಕು. ಫಲಕದೊಳಗಿನ ಯಾವ ಗುಂಡಿಯನ್ನೂ ಒತ್ತದೆ ಟಾಸ್ಕ್ ಮ್ಯಾನೇಜರ್ ಮೂಲಕ ಬ್ರೌಸರನ್ನು ಮುಚ್ಚಬೇಕು. ಬಳಿಕ ಸ್ಟಾರ್ಟ್ ಮೆನುವಿನಿಂದ ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು, ಅಲ್ಲಿ ಅಪಾಯ ದಾಖಲಾಗಿದೆಯೇ ಎಂದು ನೋಡಿ ಪೂರ್ಣ ತಪಾಸಣೆ ನಡೆಸಬೇಕು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಉಪಕರಣಗಳು ಉಚಿತವಾಗಿಯೇ ದೊರೆಯುತ್ತವೆ.

ಹಾಗೆಂದು ಎಲ್ಲ ಎಚ್ಚರಿಕೆಗಳೂ ಸುಳ್ಳಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ ಆ್ಯಪಲ್ ಸಂಸ್ಥೆ ಹಲವು ವಿರೋಧ ಪಕ್ಷದ ನಾಯಕರಿಗೆ ಕಳುಹಿಸಿದ ಸೂಚನೆ ಸಂಸ್ಥೆಯದೇ ಆಗಿತ್ತು. ಅಂಥ ಸೂಚನೆಯ ಸತ್ಯಾಸತ್ಯತೆ ತಿಳಿಯಲು ಸಂದೇಶದ ಕೊಂಡಿ ಬೇಕಿಲ್ಲ. ಗ್ರಾಹಕ ತಾನಾಗಿ ತನ್ನ ಆ್ಯಪಲ್ ಖಾತೆಯನ್ನು ಪ್ರವೇಶಿಸಿದರೆ ಪುಟದ ಮೇಲ್ಭಾಗದಲ್ಲೇ ಅದು ಕಾಣುತ್ತದೆ. ಖೋಟಾ ನಾಣ್ಯ ಅಸಲಿ ನಾಣ್ಯವನ್ನು ಚಲಾವಣೆಯಿಂದ ಹೊರದೂಡುವಂತೆ, ಹುಸಿ ಎಚ್ಚರಿಕೆಗಳು ನಿಜದ ಎಚ್ಚರಿಕೆಯ ಬೆಲೆಯನ್ನೂ ಕಳೆಯುತ್ತವೆ. ದೊಡ್ಡ ಅಪಾಯ ಇರುವುದು ಇಲ್ಲಿಯೇ.

ಹಣ ಹೋದ ಮೇಲೆ ದೂರು ಕೊಡಲು 1930 ಸಹಾಯವಾಣಿಯಿದೆ, ಜಿಲ್ಲೆಯಲ್ಲಿ ಸಿಇಎನ್ ಠಾಣೆಯಿದೆ. ವಂಚಕನಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಲ್ಲ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮೂ ಇದೆ. ಆದರೆ ಹಣ ಹೋಗುವ ಮುನ್ನ ಕೇಳಿ ತಿಳಿಯಲು ಜನರಿಗೊಂದು ತಾಣ ಬೇಕು. ಬ್ಯಾಂಕ್ ಶಾಖೆಗಳು ಮತ್ತು ಸಾರ್ವಜನಿಕ ಗ್ರಂಥಾಲಯಗಳು ಈ ನಾಲ್ಕು ಮಾತುಗಳನ್ನು ಕನ್ನಡದಲ್ಲಿ ಬರೆದು ತೂಗುಹಾಕಲಿ. ಇಂಗ್ಲಿಷಿನಲ್ಲಿ ಬರುವ ಬೆದರಿಕೆಗೆ ಅರ್ಧ ಬಲ ಬರುವುದು ಅದು ಪೂರ್ತಿ ಅರ್ಥವಾಗದಿರುವುದರಿಂದ. ನಿವೃತ್ತರ ಜೀವಮಾನದ ಉಳಿತಾಯ ಅಷ್ಟು ಸುಲಭವಾಗಿ ಕರಗಬಾರದು.