ಬಸ್ಸಿನ ಟಾಪಿಗೆ ತಕ್ಕಡಿ ಯಾವಾಗ?

ಅಂಗಡಿಯಲ್ಲಿ ಕಾಲು ಕಿಲೋ ಸಕ್ಕರೆ ಕೊಂಡರೂ ತಕ್ಕಡಿ ಬೇಕು. ಹತ್ತು ಗ್ರಾಂ ಕಮ್ಮಿ ಬಿದ್ದರೆ ಗಿರಾಕಿ ಸುಮ್ಮನೆ ಬಿಟ್ಟಾನೆಯೆ? ಅಡಿಕೆ ಮಂಡಿಯಲ್ಲಿ ಮೂಟೆ ಮೂಟೆಗೂ ತೂಕ, ತೂಕಕ್ಕೊಂದು ಚೀಟಿ. ಆದರೆ ಐವತ್ತು ಜೀವ ಹೊತ್ತು ಶಿವಮೊಗ್ಗದಿಂದ ಕರಾವಳಿಗೆ ಘಾಟಿ ಇಳಿಯುವ ಬಸ್ಸಿನ ಟಾಪಿನ ಮೇಲೆ ಎಷ್ಟು ಭಾರ ಬಿದ್ದಿದೆಯೆಂದು ತೂಗಿ ನೋಡಿದವರು ಯಾರು? "ಹಾಕು ಹಾಕು, ಇನ್ನೂ ಎರಡು ಹಿಡಿಯುತ್ತೆ" ಎನ್ನುವ ಕ್ಲೀನರನ ಕಣ್ಣಳತೆಯೇ ಅಲ್ಲಿ ತಕ್ಕಡಿ!

ಕಾಯಿದೆ ಇಲ್ಲವೆಂದಲ್ಲ. ಪ್ರತಿ ಬಸ್ಸಿನ ಆರ್.ಸಿ.ಯಲ್ಲೂ ಎರಡು ತೂಕ ಬರೆದಿರುತ್ತದೆ. ಒಂದು ಖಾಲಿ ಗಾಡಿಯದು, ಇನ್ನೊಂದು ಎಲ್ಲ ತುಂಬಿದ ಮೇಲೆ ಮೀರಬಾರದ್ದು. ಮೀರಿದರೆ 1988ರ ಮೋಟಾರು ವಾಹನ ಕಾಯಿದೆಯ 194ನೇ ಕಲಮಿನಲ್ಲಿ, 2019ರ ತಿದ್ದುಪಡಿಯಂತೆ, 20,000 ರೂಪಾಯಿ ದಂಡ. ಹೆಚ್ಚಾದ ಒಂದೊಂದು ಟನ್ನಿಗೂ ಮತ್ತೆ 2,000. ಹೆಚ್ಚಿನ ಮಾಲು ಇಳಿಸುವ ತನಕ ಗಾಡಿ ಅಲ್ಲಾಡುವ ಹಾಗಿಲ್ಲ.

ಎರಡು ತೂಕಗಳ ನಡುವಿನ ಅಂತರವೇ ಬಸ್ಸು ಹೊರಬಹುದಾದ ಭಾರ. ಜನರೂ ಅದರಲ್ಲೇ, ಮೂಟೆಯೂ ಅದರಲ್ಲೇ. ಎಲ್ಲರೂ ಮರೆಯುವುದು ಇದನ್ನೇ. ಲೆಕ್ಕಕ್ಕೆ ಒಂದು ಬಸ್ಸು ಎಂದಿಟ್ಟುಕೊಳ್ಳಿ. ಖಾಲಿ ತೂಕ ಹನ್ನೊಂದೂವರೆ ಟನ್ನು, ಮಿತಿ 16 ಟನ್ನು. ಉಳಿದದ್ದು 4,500 ಕಿಲೋ. ಡ್ರೈವರು, ಕಂಡಕ್ಟರು ಸೇರಿ 52 ಮಂದಿ, ತಲಾ 60 ಕಿಲೋ ಹಿಡಿದರೆ 3,120. ಐವತ್ತು ಜನರ ಚೀಲ, ತಲಾ 15 ಕಿಲೋ ಅಂದರೂ 750. ಮಿಕ್ಕಿದ್ದು 630 ಕಿಲೋ. ಅಂದರೆ 50 ಕಿಲೋದ ಹನ್ನೆರಡು ಮೂಟೆ. ಹದಿಮೂರನೆಯದು ಹತ್ತಿದ ಕೂಡಲೇ ಬಸ್ಸು ಕಾಯಿದೆಯ ಆಚೆಗೆ! ನಿಂತು ಬರುವವರ ಲೆಕ್ಕ ಇನ್ನೂ ಹಿಡಿದೇ ಇಲ್ಲ. ಆಗುಂಬೆಯ 14 ತಿರುವು ಇಳಿಯುವ ಮಿನಿ ಬಸ್ಸಿನಲ್ಲಂತೂ ಈ ಅಂತರ ಇನ್ನೂ ಸಣ್ಣದು.

ಭಾರ ಎಷ್ಟು ಎಂಬುದರಷ್ಟೇ ಎಲ್ಲಿ ಎಂಬುದೂ ಮುಖ್ಯ. ಟಾಪಿನ ಮೇಲಿನ ಮೂಟೆ ಗಾಡಿಯ ತಲೆ ಭಾರ ಮಾಡುತ್ತದೆ. ತಿರುವಿನಲ್ಲಿ ಬಸ್ಸು ಹೊರಕ್ಕೆ ವಾಲುತ್ತದೆ. ಹಿಂದಿನ ಚಕ್ರದಿಂದಾಚೆ ಚಾಚಿದ ಭಾಗದಲ್ಲಿ ತುಂಬಿದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಒಂದೇ ಮಗ್ಗುಲಿಗೆ ಪೇರಿಸಿದರೆ ಆ ಕಡೆಯ ಟೈರು ಕಾದು ಒಡೆಯಬಹುದು. ಇಳಿಜಾರಿನಲ್ಲಿ ಬ್ರೇಕು ಮೇಲಿಂದ ಮೇಲೆ ಒತ್ತಿ ಕಾದರೆ ಹಿಡಿಯುವುದೇ ಇಲ್ಲ. ಆಮೇಲೆ ಡ್ರೈವರನನ್ನು ಬೈದು ಏನು ಫಲ?

ತೂಗುವುದು ಮಹಾ ಕಷ್ಟವೇನಲ್ಲ. ಮೆಕ್ಕೆಜೋಳದ ಲಾರಿಗೆ ಆಗುವ ವೇಬ್ರಿಡ್ಜು ಬಸ್ಸಿಗೂ ಆಗುತ್ತದೆ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಬೇಕು, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶದಂತೆ ಎರಡು ಟೈರಿನ ಮುಂದಿನ ಆಕ್ಸಲ್‌ಗೆ 7 ಟನ್ನು, ನಾಲ್ಕು ಟೈರಿನ ಹಿಂದಿನ ಆಕ್ಸಲ್‌ಗೆ ಹನ್ನೊಂದೂವರೆ ಟನ್ನು ಗರಿಷ್ಠ ಮಿತಿ. ಆರ್.ಸಿ.ಯಲ್ಲಿ ಅದಕ್ಕಿಂತ ಕಮ್ಮಿ ಇದ್ದರೆ ಆ ಕಮ್ಮಿಯೇ ಲೆಕ್ಕ. ಒಟ್ಟು ತೂಕ ಸರಿಯಿದ್ದೂ ಒಂದೇ ಆಕ್ಸಲ್ ಮೇಲೆ ಭಾರ ಬಿದ್ದಿದ್ದರೆ ಇಲ್ಲಿ ಬಯಲಾಗುತ್ತದೆ.

ಗಾಂಧಿ ಬಜಾರಿನ ವರ್ತಕರ ಕಷ್ಟವೂ ಸುಳ್ಳಲ್ಲ. ಲಾರಿಗೆ ಕೊಡುವಷ್ಟು ಮಾಲಿಲ್ಲ. ಬಸ್ಸಿಗೆ ಹಾಕಿದರೆ ಸಂಜೆಯೊಳಗೆ ಹಳ್ಳಿ ಅಂಗಡಿಗೆ ಮುಟ್ಟುತ್ತದೆ. ಬಸ್ ಮಾಲೀಕನಿಗೂ ನಾಲ್ಕು ಕಾಸು. ಟಾಪಿನ ಮೇಲೆ ಏನೂ ಹಾಕಲೇಬಾರದೆಂದರೆ ವ್ಯಾಪಾರ ನಡೆಯುವುದು ಹೇಗೆ? ಆದರೆ ಪಾರ್ಸಲ್ ಮೇಲೆ ಹೆಸರು ಬರೆಯುವ ಕೈ ತೂಕವನ್ನೂ ಬರೆಯಲಾರದೆ? ಅಕ್ಕಿ, ಬೆಲ್ಲ, ಸಿಮೆಂಟಿನಂಥ ಭಾರದ ಮಾಲನ್ನು ನಾಲ್ಕು ಅಂಗಡಿಯವರು ಸೇರಿ ಒಂದು ಟೆಂಪೋದಲ್ಲಿ ಕಳಿಸಿದರೆ ಗಂಟೇನೂ ಹೋಗದು. ಅದೇ ಬಸ್ಸಿನಲ್ಲಿ ಅವರ ಮನೆಯವರೂ ಓಡಾಡುವವರೇ ತಾನೆ?

ಆರ್.ಟಿ.ಓ. ಸಾಹೇಬರು ಮಾಡಬೇಕಾದ್ದು ಮೂರೇ ಕೆಲಸ. ಆರ್.ಸಿ.ಯಲ್ಲಿನ ಎರಡೂ ತೂಕವನ್ನು ಬಸ್ಸಿನ ಬಾಗಿಲ ಪಕ್ಕ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಬೇಕು. ಪಾರ್ಸಲ್ ಆಫೀಸಿನಲ್ಲೊಂದು ತಕ್ಕಡಿ ಇಡಿಸಿ ದಿನದ ಒಟ್ಟು ಭಾರ ಪುಸ್ತಕದಲ್ಲಿ ಬರೆಸಬೇಕು. ಘಾಟಿಗೆ ಹೋಗುವ ಬಸ್ಸುಗಳನ್ನು ಹೇಳದೆ ಕೇಳದೆ ವೇಬ್ರಿಡ್ಜಿಗೆ ಹತ್ತಿಸಬೇಕು. ಹಬ್ಬದ ಹಿಂದಿನ ದಿನ ತಪ್ಪದೆ!

ಪ್ರಯಾಣಿಕರೂ ಬಾಯಿ ಬಿಡಬೇಕು. "ಎಷ್ಟು ಹಾಕಿದ್ರಿ ಮೇಲೆ?" ಎಂದು ಒಬ್ಬ ಕೇಳಿದರೆ "ನಿಮಗ್ಯಾಕ್ರೀ?" ಅಂತಾರೆ. ಹತ್ತು ಜನ ಕೇಳಿದರೆ ಎರಡು ಮೂಟೆಯಾದರೂ ಕೆಳಗಿಳಿಯುತ್ತದೆ. ಟಿಕೆಟ್ಟಿಗೆ ದುಡ್ಡು ಕೊಟ್ಟವನಿಗೆ ತಲೆಯ ಮೇಲಿನ ಭಾರ ಕೇಳುವ ಹಕ್ಕಿಲ್ಲವೆ?