ಶಾಲೆ ಬಿಡಿಸಿ ಎನ್ನುವವರಿಗೆ ಒಂದು ಉತ್ತರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ‘ಓದಿ ಏನು ಕಡಿದು ಗುಡ್ಡೆ ಹಾಕ್ತಾನೆ? ಅಂಗಡೀಲಿ ಕೂರಿಸಿ, ದುಡ್ಡು ಮಾಡೋದು ತಾನಾಗೇ ಕಲೀತಾನೆ.’ ಫೇಲಾದ ಹುಡುಗನಿಗೆ ಸಮಾಧಾನ ಹೇಳಲು ಆಡಿದ್ದಾದರೆ ಕೇಳಿ ಸುಮ್ಮನಿರಬಹುದು. ಈಗ ಅದೇ ಸಿದ್ಧಾಂತವಾಗಿದೆ. ವೇದಿಕೆ ಹತ್ತಿ, ಪಾಸಾದ ಮಕ್ಕಳ ಹೆತ್ತವರಿಗೂ ಇದನ್ನೇ ಉಪದೇಶಿಸುವವರಿದ್ದಾರೆ. ಬದುಕೇ ದೊಡ್ಡ ಪಾಠಶಾಲೆ, ಪದವಿ ಬರೀ ಕಾಗದ ಎಂಬುದು ಅವರ ಒಟ್ಟು ವಾದ.

ಅವರು ಮೊದಲು ಮುಂದೆ ತರುವುದು ಧೀರೂಭಾಯಿ ಅಂಬಾನಿಯನ್ನು. ಕಾಲೇಜಿನ ಮೆಟ್ಟಿಲು ಹತ್ತದೆ ಏಡನ್‌ಗೆ ಹೋಗಿ, ವ್ಯಾಪಾರಿ ಕಂಪನಿಯೊಂದರಲ್ಲಿ ದುಡಿದು, ಹಿಂದಿರುಗಿ ರಿಲಯನ್ಸ್ ಕಟ್ಟಿದರು. ಒಪ್ಪೋಣ. ಆದರೆ ಅದೇ ಧೀರೂಭಾಯಿ ತಮ್ಮ ಮಕ್ಕಳನ್ನು ಎಲ್ಲಿಗೆ ಕಳಿಸಿದರು? ಮುಕೇಶ್ ಮುಂಬಯಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿ ಸ್ಟ್ಯಾನ್‌ಫರ್ಡ್‌ಗೆ ಹೋದರು, ಅನಿಲ್ ವಾರ್ಟನ್‌ಗೆ. ಅನುಭವವೊಂದೇ ಸಾಕಾಗಿದ್ದರೆ ಅದನ್ನು ಮಕ್ಕಳಿಗೆ ಧಾರೆ ಎರೆಯಲು ಅವರಿಗಿಂತ ತಕ್ಕವರು ಯಾರಿದ್ದರು? ಬಿಲ್ ಗೇಟ್ಸ್ ಹಾರ್ವರ್ಡ್ ಬಿಟ್ಟರೆಂದು ಹೇಳುವವರೂ ಅಷ್ಟೇ, 1968ರಲ್ಲೇ ಕಂಪ್ಯೂಟರ್ ಟರ್ಮಿನಲ್ ಇದ್ದ ಸಿಯಾಟಲ್‌ನ ಖಾಸಗಿ ಶಾಲೆಯಲ್ಲಿ ಅವರು ಓದಿದ್ದನ್ನು ನುಂಗಿಬಿಡುತ್ತಾರೆ.

‘ಮುಂಬಯಿಯ ಉಡುಪಿ ಹೋಟೆಲಿನವರು ಯಾವ ಕಾಲೇಜಿಗೆ ಹೋಗಿದ್ದರು?’ ಎನ್ನುವುದು ಇನ್ನೊಂದು ಪ್ರಶ್ನೆ. ಇದನ್ನು ಕೇಳುವವರಿಗೆ ಆ ಚರಿತ್ರೆ ಅರ್ಧ ಮಾತ್ರ ಗೊತ್ತು. ದಕ್ಷಿಣ ಕನ್ನಡದಿಂದ ಬರಿಗೈಲಿ ಹೋದ ಹುಡುಗರು ಹಗಲೆಲ್ಲ ಟೇಬಲ್ ಒರೆಸಿ, ಲೋಟ ತೊಳೆದು, ಸಂಜೆ ಹೋಟೆಲಿನ ಗದ್ದಲದಿಂದ ಬಿಡಿಸಿಕೊಂಡು ಓಡುತ್ತಿದ್ದದ್ದು ಕನ್ನಡದ ರಾತ್ರಿ ಶಾಲೆಗಳಿಗೆ. ಮೊಗವೀರರ ಸಂಘವೂ ಸೇರಿ ಹಲವು ಸಂಘಗಳು ಅವನ್ನು ನಡೆಸಿದವು. ದಿನವಿಡೀ ನಿಂತೇ ಇದ್ದ ಕಾಲುಗಳನ್ನು ಬೆಂಚಿನ ಕೆಳಗೆ ಚಾಚಿ, ನಿದ್ದೆ ತಡೆದುಕೊಂಡು ಓದಿದ ಆ ಹುಡುಗರಲ್ಲಿ ಎಷ್ಟೋ ಮಂದಿ ಮುಂದೆ ಬ್ಯಾಂಕು, ಕಚೇರಿ, ನ್ಯಾಯಾಲಯಗಳನ್ನು ಸೇರಿದರು. ಅನುಭವ ಅವರಿಗೆ ಬೇಕಾದಷ್ಟಿತ್ತು. ಅದು ಸಾಲದೆಂದು ಎಲ್ಲರಿಗಿಂತ ಚೆನ್ನಾಗಿ ತಿಳಿದವರೂ ಅವರೇ.

ಆ ಜಿಲ್ಲೆಯ ಬ್ಯಾಂಕುಗಳನ್ನೇ ನೋಡಿ. 1906ರಲ್ಲಿ ಇಂದಿನ ಕೆನರಾ ಬ್ಯಾಂಕಿಗೆ ಅಡಿಗಲ್ಲು ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. ಅದಕ್ಕೂ ಮೊದಲು, 1891ರಲ್ಲಿ, ಅವರು ಮಂಗಳೂರಿನಲ್ಲಿ ಹೈಸ್ಕೂಲು ತೆರೆದಿದ್ದರು. 1925ರಲ್ಲಿ ಉಡುಪಿಯ ಕೈಮಗ್ಗದವರ ಕಷ್ಟ ನೋಡಿ ಸಿಂಡಿಕೇಟ್ ಬ್ಯಾಂಕಿಗೆ ಕಾರಣರಾದವರಲ್ಲಿ ಡಾ. ಟಿ.ಎಂ.ಎ. ಪೈ ಒಬ್ಬರು, ವೈದ್ಯರು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಶುರುವಾಯಿತು. ನೇಕಾರನ ಜೇಬು ಬಲ್ಲವರು ಊರಿಗೆ ನೂರು ಜನ ಇದ್ದರು. ಆ ತಿಳಿವಳಿಕೆಯನ್ನು ಲೆಕ್ಕಪುಸ್ತಕಕ್ಕೆ, ಕಾನೂನಿಗೆ ಹೊಂದಿಸಿ ಬ್ಯಾಂಕು ಮಾಡಿದವರು ಓದಿದವರು.

ಮೂರನೆಯ ವಾದ, ಅನುಭವ ಎಲ್ಲವನ್ನೂ ಕಲಿಸುತ್ತದೆ ಎಂಬುದು, ನನಗೆ ಅತ್ಯಂತ ಕ್ರೂರವಾಗಿ ಕಾಣುತ್ತದೆ. ಅನುಭವದಿಂದ ದುಡ್ಡು ಬರುವುದಾಗಿದ್ದರೆ ಈ ನಾಡಿನಲ್ಲಿ ಮೊದಲು ಶ್ರೀಮಂತರಾಗಬೇಕಿದ್ದವರು ಬೀದಿಬದಿಯ ಸೊಪ್ಪು ಮಾರುವ ಹೆಂಗಸರು. ಯಾವ ಹಬ್ಬಕ್ಕೆ ಯಾವುದರ ಬೆಲೆ ಏರುತ್ತದೆ, ಎಷ್ಟು ಹೊತ್ತಿಗೆ ಕೊತ್ತಂಬರಿ ಕಟ್ಟಿನ ದರ ಇಳಿಸಬೇಕು, ಎಲ್ಲವೂ ಅವರ ನಾಲಿಗೆ ತುದಿಯಲ್ಲಿದೆ. ಆದರೂ ಅವರಲ್ಲಿ ಎಷ್ಟೋ ಜನ ಬೆಳಿಗ್ಗೆ 900 ರೂಪಾಯಿ ತೆಗೆದುಕೊಂಡು ಸಂಜೆ 1,000 ಹಿಂದಿರುಗಿಸುವ ದಿನದ ಬಡ್ಡಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ವರ್ಷಕ್ಕೆ 300 ದಿನ ವ್ಯಾಪಾರ ಎಂದಿಟ್ಟುಕೊಂಡರೂ 900 ರೂಪಾಯಿಯ ಬಂಡವಾಳಕ್ಕೆ 30,000 ರೂಪಾಯಿ ಬಡ್ಡಿ! ಲೆಕ್ಕ ಬಾರದೆ ಮೋಸ ಹೋದವರಲ್ಲ ಅವರು, ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಸಾಲ ಕೊಡುವವನು ಅರ್ಜಿ ಕೇಳುವುದಿಲ್ಲ, ಅದಕ್ಕೇ ಅವನ ಹತ್ತಿರ ಹೋಗುತ್ತಾರೆ. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಲೆಂದು 2018ರಲ್ಲಿ ರಾಜ್ಯದ ಬಡವರ ಬಂಧು ಯೋಜನೆ ಬಂತು, 2020ರಲ್ಲಿ ಕೇಂದ್ರದ ಸ್ವನಿಧಿ ಬಂತು. ಆದರೆ ಅಕ್ಷರ ಬಾರದವರು ಆ ಸಾಲದ ಅರ್ಜಿ ತುಂಬಿಸಲು ಒಬ್ಬರನ್ನು ಹಿಡಿಯಬೇಕು, ಕೌಂಟರಿನಾಚೆ ಕೂತವರ ಮುಂದೆ ಹಿಂಜರಿಯುತ್ತ ನಿಲ್ಲಬೇಕು. ಮೂವತ್ತು ವರ್ಷದ ಸಂತೆಯ ಅನುಭವ ಆ ಹಿಂಜರಿಕೆಯನ್ನು ಹೋಗಲಾಡಿಸುವುದಿಲ್ಲ.

ಇಷ್ಟಕ್ಕೂ ದುಡ್ಡು ಕಲಿಸುವ ಅನುಭವ ಎಲ್ಲರಿಗೂ ಸಿಗುತ್ತದೆಯೇ? ಶೆಟ್ಟರ ಮಗ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಬೆಳೆಯುತ್ತಾನೆ; ಉದ್ರಿ, ಕಮಿಷನ್, ಹುಂಡಿ ಅವನಿಗೆ ಊಟದ ಜೊತೆ ಬರುತ್ತವೆ. ಕೂಲಿಯವರ ಮಗಳಿಗೆ ಕೂಲಿಯ ಅನುಭವ ಮಾತ್ರ ಸಿಗುತ್ತದೆ. ಶಾಲೆಯೊಂದೇ ಅವಳಿಗೆ ಜಾತಿ ಕೇಳದೆ, ಬಂಡವಾಳ ಕೇಳದೆ ಸಿಗಬಹುದಾದದ್ದು. ಅದನ್ನೂ ಬಿಡು ಎನ್ನುವವರು ಅವಳನ್ನು ಯಾವ ಅಂಗಡಿಯಲ್ಲಿ ಕೂರಿಸುತ್ತಾರೆ?

‘ಎಂಜಿನಿಯರ್‌ಗಳು ಊಟದ ಪೊಟ್ಟಣ ಹಂಚುತ್ತಿದ್ದಾರೆ’ ಎನ್ನುತ್ತಾರೆ. ಹೌದು, ಪದವೀಧರರಲ್ಲಿ ನಿರುದ್ಯೋಗದ ಪ್ರಮಾಣ ಅನಕ್ಷರಸ್ಥರಿಗಿಂತ ಹೆಚ್ಚೆಂದು ಸರ್ಕಾರಿ ಸಮೀಕ್ಷೆಗಳೇ ಹೇಳುತ್ತವೆ. ಆದರೆ ಅನಕ್ಷರಸ್ಥರಿಗೆ ಒಳ್ಳೆಯ ಕೆಲಸ ಕಾದಿದೆ ಎಂದು ಅದರ ಅರ್ಥವಲ್ಲ. ಕೆಲಸವಿಲ್ಲದೆ ಒಂದು ವಾರ ಕೂರುವ ಶಕ್ತಿಯೂ ಅವರಿಗಿಲ್ಲ, ಸಿಕ್ಕಿದ ಕೂಲಿಗೆ ಹೋಗುತ್ತಾರೆ. ಪಾಠವೇ ಇಲ್ಲದ ಕಾಲೇಜಿಗೆ ಹೊಲ ಅಡವಿಟ್ಟು ಸೇರಿಸುವುದು ತಪ್ಪೆಂದು ನಾನೂ ಹೇಳುತ್ತೇನೆ. ಅದು ಕಳಪೆ ಕಾಲೇಜಿನ ಮೇಲಿನ ದೂರು, ಓದಿನ ಮೇಲಿನದಲ್ಲ.

ಇನ್ನು ಶಾಲೆಯಲ್ಲಿ ದುಡ್ಡಿನ ವಿಷಯ ಕಲಿಸುವುದಿಲ್ಲವೆಂಬ ಆಕ್ಷೇಪ. ಇದರಲ್ಲಿ ಹುರುಳಿದೆ. ಒಂದು ಲಕ್ಷ ರೂಪಾಯಿಗೆ ಶೇ 12ರ ‘ಫ್ಲಾಟ್’ ಬಡ್ಡಿಯಲ್ಲಿ ಎರಡು ವರ್ಷದ ಬೈಕ್ ಸಾಲ ಕೊಟ್ಟರೆ ತಿಂಗಳ ಕಂತು ಸುಮಾರು 5,167 ರೂಪಾಯಿ. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೇ ಬೀಳುವುದರಿಂದ ನಿಜವಾದ ದರ ಶೇ 21 ದಾಟುತ್ತದೆ. ಇದನ್ನು ಪದವೀಧರರೂ ಗಮನಿಸದೆ ಸಹಿ ಹಾಕುತ್ತಾರೆ. ಆದರೆ ಅದನ್ನು ಬಿಡಿಸಿ ನೋಡಲು ಬೇಕಾದ ಶೇಕಡಾ, ಸರಳ ಬಡ್ಡಿ, ಚಕ್ರಬಡ್ಡಿಗಳೆಲ್ಲ ನಮ್ಮ ಶಾಲಾ ಪುಸ್ತಕದಲ್ಲೇ ಇವೆ. ಆ ಪಾಠದ ಪಕ್ಕದಲ್ಲಿ ಒಂದು ನಿಜವಾದ ಸಾಲಪತ್ರ, ಒಂದು ಪಾಸ್‌ಬುಕ್ ಇಟ್ಟು ಮಕ್ಕಳಿಂದ ಲೆಕ್ಕ ಮಾಡಿಸಿ ಎಂದು ಶಿಕ್ಷಣ ಇಲಾಖೆಯನ್ನು ಕೇಳೋಣ. ಆ ಅರ್ಜಿಗೆ ನಾನೂ ನಿಮ್ಮ ಜೊತೆ ಸಹಿ ಹಾಕುತ್ತೇನೆ. ಮಕ್ಕಳನ್ನು ಶಾಲೆ ಬಿಡಿಸುವ ಮಾತಿಗೆ ಮಾತ್ರ ನನ್ನ ವಿರೋಧವಿದೆ.