ಅಳತೆಯಿಲ್ಲದ ಕೂಲಿ, ಶುದ್ಧಿಯಿಲ್ಲದ ದಾಸೋಹ

ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿ ಲೋಕಕ್ಕಿತ್ತ ಕಾಣಿಕೆಗಳಲ್ಲಿ ಕಾಯಕ ತತ್ತ್ವವು ಹಿರಿದಾದುದು. ಕಾಯಕವನ್ನು ಕುರಿತ ಪ್ರವಚನಗಳಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣ ದಂಪತಿಗಳ ಪ್ರಸಂಗವು ತಪ್ಪದೆ ಬರುತ್ತದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ ಲಕ್ಕಮ್ಮನವರು ಒಪ್ಪಲಿಲ್ಲ; ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ ಹಗ್ಗದ ಬೆಲೆಗಿಂತ ಹೆಚ್ಚು ಬಂದ ಹಣವನ್ನು ಸ್ವೀಕರಿಸಲಿಲ್ಲವೆಂಬ ಐತಿಹ್ಯವಿದೆ.

ಈ ಪ್ರಸಂಗಗಳನ್ನು ಬಹುಮಟ್ಟಿಗೆ ದುಡಿಯುವವರಿಗಷ್ಟೇ ಬೋಧಿಸಲಾಗುತ್ತದೆ: ಕೊಟ್ಟಷ್ಟಕ್ಕೆ ತೃಪ್ತರಾಗಿರಿ, ಕೇಳಬೇಡಿ ಎಂದು. ಇದು ಶರಣರ ಆಶಯದ ಅರ್ಧ ಭಾಗ ಮಾತ್ರ. ತಂದ ಅಕ್ಕಿ ಹೆಚ್ಚಾಯಿತೆಂದು ಲಕ್ಕಮ್ಮನವರಿಗೆ ತಿಳಿದದ್ದು ಹೇಗೆ? ಅಲ್ಲಿ ಒಂದು ಅಳತೆಯಿತ್ತು. ಅಳತೆಯಿದ್ದಲ್ಲಿ ಮಾತ್ರ ಹೆಚ್ಚು ತಿಳಿಯುತ್ತದೆ, ಕಡಿಮೆಯೂ ತಿಳಿಯುತ್ತದೆ. ಹೆಚ್ಚನ್ನು ಪಡೆಯುವುದು ದೋಷವಾದರೆ ಕಡಿಮೆ ಕೊಡುವುದು ಅದಕ್ಕಿಂತ ದೊಡ್ಡ ದೋಷ. ಏಕೆಂದರೆ ಕೊಡುವವನ ಕೈಯಲ್ಲಿ ಅಳತೆಯ ಕೊಳಗವೇ ಇರುತ್ತದೆ.

ದಾವಣಗೆರೆ ಜಿಲ್ಲೆಯ ಇಂದಿನ ದುಡಿಮೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಚನ್ನಗಿರಿ ಅಡಿಕೆಯ ಸೀಮೆ. ಹೊನ್ನಾಳಿ ಮತ್ತು ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಭತ್ತ, ಮೆಕ್ಕೆಜೋಳಗಳ ಜೊತೆಗೆ ಅಡಿಕೆ ತೋಟಗಳೂ ಇವೆ. ಜಗಳೂರು ಮಳೆಯನ್ನೇ ನಂಬಿದ ಬರದ ನಾಡು. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಬಡವರು ಕೂಲಿಯನ್ನು ಅರಸಿ ನೀರಾವರಿ ಸೀಮೆಗೂ ಕಾಫಿ ತೋಟಗಳಿಗೂ ಗುಳೆ ಹೋಗುತ್ತಾರೆ. ಸುಗ್ಗಿಯಲ್ಲಿ ಗೊನೆ ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲವೂ ಕೈಗಳ ಕೆಲಸ. ಯಂತ್ರಗಳು ಬಂದಿದ್ದರೂ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವ ತಾಯಂದಿರು ಇನ್ನೂ ಇದ್ದಾರೆ. ಸುಲಿದ ಅಳತೆಯ ಮೇಲೆ ಅವರಿಗೆ ಕೂಲಿ. ಆ ಅಳತೆಯ ಡಬ್ಬವು ಯಾರದು, ತಲೆ ತುಂಬ ತುಂಬಬೇಕೋ ಮಟ್ಟಕ್ಕೆ ತುಂಬಬೇಕೋ, ದರವೆಷ್ಟು ಎಂಬುದು ಕೆಲಸ ಮುಗಿದ ಮೇಲೆ ನಿರ್ಧಾರವಾದರೆ ಅದು ಕಾಯಕವೂ ಅಲ್ಲ, ನ್ಯಾಯವೂ ಅಲ್ಲ.

ಇಂದಿನ ಯುವಕರು ಗಣಕಯಂತ್ರದಲ್ಲಿ ರೋಲ್‌ಪ್ಲೇ ಸರ್ವರ್ ಎಂಬ ಆಟದ ಊರುಗಳಲ್ಲಿ ಆಡುತ್ತಾರೆ. ಅಲ್ಲಿ ಒಬ್ಬ ವೈದ್ಯ, ಒಬ್ಬ ಲಾರಿ ಚಾಲಕ, ಒಬ್ಬ ಪೊಲೀಸ್. ಎಲ್ಲರಿಗೂ ಆಟದ ಹಣದಲ್ಲಿ ಸಂಬಳ. ಯಾವ ಕೆಲಸಕ್ಕೆ ಎಷ್ಟು ಎಂಬುದು ನ್ಯಾಯವಾಗಿಲ್ಲವೆಂದು ಕಂಡರೆ ಆಟಗಾರರು ಬೇರೆ ಊರನ್ನು ಹುಡುಕಿಕೊಳ್ಳುತ್ತಾರೆ. ಹುಸಿ ಹಣದ ಆಟಕ್ಕೂ ನ್ಯಾಯದ ನಿಯಮ ಬೇಕಾದರೆ, ಬೆವರು ಸುರಿಸುವ ಬಾಳಿಗೆ ಬೇಡವೆ? ಆಟ ಬಿಟ್ಟು ಏಳುವಷ್ಟು ಸುಲಭವಾಗಿ ಕೂಲಿಯಾಳು ಊರು ಬಿಟ್ಟು ಏಳಲಾರಳು.

ರಾಜ್ಯಶಾಸನವೂ ಈ ದಾರಿಯಲ್ಲಿಯೇ ನಡೆದಿದೆ. 1948ರಲ್ಲಿ ಕನಿಷ್ಠ ವೇತನ ಕಾಯ್ದೆ, 1976ರಲ್ಲಿ ಸಮಾನ ವೇತನ ಕಾಯ್ದೆ ಬಂದವು. ಇವೆರಡನ್ನೂ ಒಳಗೊಂಡ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ದಿನಗೂಲಿಗೆ ಮಾತ್ರವಲ್ಲದೆ ಅಳತೆಯ ಕೂಲಿಗೂ ಕನಿಷ್ಠ ದರವನ್ನು ನಿಗದಿಪಡಿಸಲು ಅದರಲ್ಲಿ ಅವಕಾಶವಿದೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂಬ ಭೇದವನ್ನು ಅದು ನಿಷೇಧಿಸುತ್ತದೆ. ಆದರೆ ಕಾನೂನಿನ ಕಣ್ಣು ಪ್ರತಿಯೊಂದು ಕಣಕ್ಕೂ ತಲುಪದು. ಅಂತರಂಗದ ಸಾಕ್ಷಿ ತಲುಪಬೇಕು.

ಬೆಳೆಗಾರರಿಗೂ ಕಷ್ಟವಿದೆ ಎಂಬ ಮಾತು ಸುಳ್ಳಲ್ಲ. ಅಡಿಕೆಯ ಧಾರಣೆ ಏರಿಳಿಯುತ್ತದೆ, ರೋಗ ಬರುತ್ತದೆ, ಖೇಣಿದಾರರ ಲೆಕ್ಕ ಬೇರೆಯೇ ಇರುತ್ತದೆ. ಆದರೆ ಧಾರಣೆ ಕುಸಿದಾಗ ಕೂಲಿಯನ್ನು ಕಡಿಯುವ ಕೈ, ಧಾರಣೆ ಏರಿದಾಗ ಕೂಲಿಯನ್ನು ಏರಿಸುವುದೆ? ನಷ್ಟದಲ್ಲಿ ಮಾತ್ರ ಪಾಲುಗೊಡುವುದು ಶರಣಧರ್ಮವಲ್ಲ. ಸುಗ್ಗಿಗೆ ಮುನ್ನವೇ ಬೆಳೆಗಾರರು, ಖೇಣಿದಾರರು, ಕೂಲಿಯವರು ಒಂದೆಡೆ ಕುಳಿತು ದರವನ್ನು, ಡಬ್ಬದ ಅಳತೆಯನ್ನು, ಹಣ ಕೊಡುವ ದಿನವನ್ನು, ಕೈ ಕೊಯ್ದುಕೊಂಡವರ ಔಷಧದ ಹೊಣೆಯನ್ನು ನಿಶ್ಚಯಿಸಿಕೊಂಡರೆ ಯಾರಿಗೂ ಅನ್ಯಾಯವಾಗದು. ಎಲ್ಲ ಕಾಯಕದವರೂ ಸರಿಸಮನಾಗಿ ಕುಳಿತ ಅನುಭವ ಮಂಟಪದ ಪರಂಪರೆಗೆ ಇದು ಹೊಸದೇನೂ ಅಲ್ಲ.

ಕಡೆಯದಾಗಿ ಮಠಗಳಿಗೂ ಭಕ್ತರಿಗೂ ಸಲ್ಲುವ ಮಾತೊಂದಿದೆ. ಕಾಯಕದಿಂದ ಬಂದುದರಲ್ಲಿ ಮಾಡಿದ್ದೇ ದಾಸೋಹ. ಕೂಲಿಯವರ ಬಾಕಿಯನ್ನು ಉಳಿಸಿಕೊಂಡು ಜಾತ್ರೆಗೆ ಅಕ್ಕಿಯ ಮೂಟೆಗಳನ್ನು ಕಳುಹಿಸಿದರೆ ಅದು ದಾಸೋಹವಾಗದು. ಪರರ ಅನ್ನವನ್ನು ಪರಶಿವನಿಗೆ ಬಡಿಸಿದಂತಾಗುತ್ತದೆ. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದರು. ಇಂದಿನ ಶ್ರೀಮಂತ ಭಕ್ತರು ತಮ್ಮಲ್ಲಿ ಉಳಿದ ಕೂಲಿಯನ್ನು ದುಡಿದವರಿಗೆ ಮೊದಲು ಸಲ್ಲಿಸಲಿ, ಬಳಿಕ ಮಠದ ಬಾಗಿಲಿಗೆ ಬರಲಿ.